ಟಪಾಲು ಗಾಡಿಯ ಹಿಂದಿನ ಮೆಟ್ಟಿಲು

ಚಕ್ರ ಕಳಚಬಹುದಿತ್ತು. ಚಕ್ರ ಕಳಚದೆ ಅದರ ಕಬ್ಬಿಣದ ಪಟ್ಟಿ ಮಾತ್ರ ಕಳಚಿ, ತಾನೊಂದೇ ಇಳಿಜಾರಿನಲ್ಲಿ ಉರುಳಿಕೊಂಡು ಹೋಗಿ ಮೀನಿನ ಸ್ಕೂಟರಿನವನಿಗೆ ಬಡಿಯಬಹುದಿತ್ತು. ಬಸ್ಸಿನ ಹಾರ್ನಿಗೆ ಕುದುರೆ ಬೆದರಬಹುದಿತ್ತು. ಎರಡೂ ಒಟ್ಟಿಗೆ ಬೆದರಿದರೆ ಒಂದು ಲೆಕ್ಕ. ಒಂದು ಬೆದರಿ ಇನ್ನೊಂದು ಆರಾಮವಾಗಿ ನಿಂತುಬಿಟ್ಟರೆ ಗಾಡಿ ಗಿರಗಿಟ್ಟಲೆಯಂತೆ ತಿರುಗಬಹುದಿತ್ತು. ಬಾಗಿಲಿನ ಚಿಲಕ ಬಿಟ್ಟುಕೊಂಡು ಹಿರಿಯ ಟ್ರಸ್ಟಿಗಳು ರಸ್ತೆಗೆ ಬೀಳಬಹುದಿತ್ತು, ಅವರಿಗೆ ಬಿ.ಪಿ. ಬೇರೆ. ಚರ್ಮದ ಬಾರು ತುಂಡಾಗಿ ಕುದುರೆಗಳು ಮುಂದಕ್ಕೆ, ಗಾಡಿ ಹಿಂದಕ್ಕೆ ಹೋಗಬಹುದಿತ್ತು. ನಾಯಿ ಬರಬಹುದಿತ್ತು, ಜೇನು ಏಳಬಹುದಿತ್ತು, ಮದುವೆ ದಿಬ್ಬಣ ಬಂದು ಪಟಾಕಿ ಬಿಡಬಹುದಿತ್ತು, ಯಾರದೋ ಡ್ರೋನ್ ಕುದುರೆಯ ಕಿವಿಯ ಹತ್ತಿರ ಹಾರಬಹುದಿತ್ತು. ಕಾಲವಲ್ಲದ ಕಾಲದಲ್ಲಿ ಮಳೆ ಹೊಡೆಯಬಹುದಿತ್ತು. ಕುದುರೆ ಸರಿಯಾಗಿ ಫೋಟೋದ ಹೊತ್ತಿಗೇ ಲದ್ದಿ ಹಾಕಬಹುದಿತ್ತು. ಅದಕ್ಕೆ ಒಂದು ಬಕೆಟ್, ಒಂದು ಮರಳಿನ ಚೀಲ, ಒಂದು ಕಡ್ಡಿಪೊರಕೆ ತಯಾರು ಮಾಡಿಟ್ಟಿದ್ದೆ.

"ನೀವು ಹೇಳದೆ ಬಿಟ್ಟದ್ದು ಭೂಕಂಪ ಒಂದೇ," ಎಂದಳು ನನ್ನ ಹೆಂಡತಿ ಸುಜಾತ. ಭೂಕಂಪವನ್ನೂ ಯೋಚಿಸಿದ್ದೆ. ಅವಳಿಗೆ ಹೇಳಿರಲಿಲ್ಲ, ಅಷ್ಟೆ.

ಇವುಗಳಲ್ಲಿ ಯಾವುದೂ ಆಗಲಿಲ್ಲ. ಆದದ್ದು ಬೇರೆಯೇ ಒಂದು ಸಣ್ಣ ಸಂಗತಿ. ಅದಕ್ಕೆ ಬರುವ ಮೊದಲು ನಾನು ಎಂತಹ ಕೆಲಸದಲ್ಲಿದ್ದೆ ಎಂದು ಹೇಳಬೇಕು. ನಮ್ಮ ಮ್ಯೂಸಿಯಂ ಟ್ರಸ್ಟಿನಲ್ಲಿ ಐವತ್ತೈದಕ್ಕೇ ನಿವೃತ್ತಿ. ಕೂದಲು ಪೂರ್ತಿ ಬಿಳಿಯಾಗುವ ಮೊದಲೇ ಶಾಲು ಹೊದಿಸಿ ಕಳಿಸಿದರು. ಈಗ ಮ್ಯೂಸಿಯಂ ಕೆಲಸಕ್ಕೆ ಹೊಸದಾಗಿ ಸೇರುವವರು ಡಿಪ್ಲೊಮಾ ಮಾಡಿ ಬರುತ್ತಾರೆ, ಕೈಗವಸು ಹಾಕಿಕೊಂಡೇ ಹುಟ್ಟಿದವರಂತೆ ಕಾಣುತ್ತಾರೆ. ಅವರಿಗೆ ನನ್ನಿಂದ ಕಲಿಯುವುದು ಹೆಚ್ಚೇನೂ ಇಲ್ಲ. ಆದರೂ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದನ್ನು ಯಾವ ಡಿಪ್ಲೊಮಾದಲ್ಲೂ ಹೇಳಿಕೊಡುವುದಿಲ್ಲವಂತೆ. ಆ ವಿಷಯದಲ್ಲಿ ನನಗೆ ಅನುಭವ ಉಂಟು.

ನಾನು ಮೊದಲು ಬಸ್ ಕಂಡಕ್ಟರ್. ನಮ್ಮ ಧಣಿಗಳ ಬಸ್ಸುಗಳು ಮಂಗಳೂರಿನಿಂದ ಬಂಟ್ವಾಳದ ಕಡೆಗೆ ಓಡುತ್ತಿದ್ದವು. ನನಗೆ ಕೆಲಸ ಕಲಿಸಿದವರು ವಾಸಣ್ಣ ಎಂಬ ಹಿರಿಯ ಕಂಡಕ್ಟರ್. ಅವರ ಮೊದಲ ಪಾಠ ಟಿಕೆಟ್ ಹರಿಯುವುದಲ್ಲ, ಚಿಲ್ಲರೆ ಕೊಡುವುದಲ್ಲ. "ನೋಡು, 'ರೈಟ್ ಪೋಯಿ' ಹೇಳುವ ಮೊದಲು ನಿನ್ನ ಕಾಲು ಫುಟ್‌ಬೋರ್ಡಿನಲ್ಲಿ ಇರ್ಬೇಕು. ಕಾಲು ಮೊದಲು, ಬಾಯಿ ಆಮೇಲೆ. ಡ್ರೈವರ್ ಕಿವಿಯಲ್ಲಿ ನೋಡುವುದು, ಕಣ್ಣಲ್ಲಿ ಅಲ್ಲ." ಮಂಗಳೂರಿನ ಬಸ್ಸಿನಲ್ಲಿ ಓಡಾಡಿದವರಿಗೆ ಆ ಕೂಗನ್ನು ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಹೊರಡೋಣ, ಬಿಡು ಗಾಡಿ ಎಂದು ಅರ್ಥ.

ನನ್ನ ತೊಂದರೆ ಎಂದರೆ, ನಾನು ರೈಟ್ ಹೇಳುತ್ತಲೇ ಇರಲಿಲ್ಲ. ಅಜ್ಜಿ ಕೂತರೋ, ಮಗುವಿನ ಕೈ ಬಾಗಿಲಿನಲ್ಲಿ ಇಲ್ಲವಷ್ಟೆ, ಬುಟ್ಟಿಯವಳ ಬುಟ್ಟಿ ಹತ್ತಿತೋ, ಇಳಿದವರು ನಿಜವಾಗಿ ಇಳಿದರೋ ಎಂದು ನೋಡುತ್ತ ನಿಲ್ಲುತ್ತಿದ್ದೆ. ಹಿಂದಿನ ಬಸ್ಸು ನಮ್ಮನ್ನು ದಾಟಿ ಮುಂದಿನ ಸ್ಟಾಪಿನ ಜನರನ್ನೆಲ್ಲ ಹತ್ತಿಸಿಕೊಂಡು ಹೋಗುತ್ತಿತ್ತು. ಡ್ರೈವರ್ ಹಣೆ ಚಚ್ಚಿಕೊಳ್ಳುತ್ತಿದ್ದ. ಧಣಿಗಳು ಬಸ್ಸುಗಳನ್ನೆಲ್ಲ ಮಾರಿ, ಪಡೀಲಿನ ಹಳೆಯ ಗ್ಯಾರೇಜನ್ನು ವಾಹನಗಳ ಸಣ್ಣ ಮ್ಯೂಸಿಯಂ ಮಾಡಲು ಹೊರಟಾಗ ನನ್ನನ್ನು ಕರೆದು ಹೇಳಿದರು: "ಜಯಂತ, ನೀನು ಓಡುವ ಗಾಡಿಗೆ ಆಗುವವ ಅಲ್ಲ. ನಿಂತ ಗಾಡಿಗೆ ಸರಿ ಉಂಟು." ನನ್ನ ನೇಮಕಾತಿಯ ಆದೇಶ ಇಷ್ಟೇ. ಅವರು ಈಗಿಲ್ಲ. ಬೈದು ಕಳಿಸಬಹುದಾಗಿದ್ದವನಿಗೆ ಹೊಂದುವ ಕೆಲಸ ಹುಡುಕಿಕೊಟ್ಟರಲ್ಲ ಎಂದು ಇಂದಿಗೂ ಅವರನ್ನು ನೆನೆಯುತ್ತೇನೆ.

ಮ್ಯೂಸಿಯಮ್ಮಿನಲ್ಲಿ ಹಳೆಯ ಲಾರಿ, ಇಂಧನದ ಬರ ಬಂದಾಗ ಇದ್ದಿಲಿನಲ್ಲಿ ಓಡಿದ ಬಸ್ಸಿನ ಒಲೆ, ಎತ್ತಿನ ಗಾಡಿ ಎಲ್ಲ ಇದ್ದವು. ಆದರೆ ಜನ ಬರುತ್ತಿದ್ದದ್ದು ಒಂದೇ ಒಂದಕ್ಕೆ: ಬ್ರಿಟಿಷರ ಕಾಲದ ಕುದುರೆ ಟಪಾಲು ಗಾಡಿ. ನಿಂತುಹೋದ ಹಂಚಿನ ಕಾರ್ಖಾನೆಯೊಂದರ ಹಿಂದೆ, ಒಡೆದ ಹಂಚಿನ ರಾಶಿಯ ಕೆಳಗೆ ಸಿಕ್ಕಿದ್ದು. ಒಳಗೆ ನಾಲ್ವರು ಎದುರುಬದುರು ಕೂರುವ ಪೆಟ್ಟಿಗೆ, ಮುಂದೆ ಎತ್ತರದಲ್ಲಿ ಗಾಡಿ ಹೊಡೆಯುವವನ ಆಸನ, ಮಾಡಿನ ಮೇಲೆ ಟಪಾಲಿನ ಚೀಲ ಕಟ್ಟುವ ಕಂಬಿ. ಹಿಂಬದಿಯಲ್ಲಿ ಒಬ್ಬ ನಿಲ್ಲುವಷ್ಟು ಅಗಲದ ಒಂದು ಮೆಟ್ಟಿಲು, ಹಿಡಿದುಕೊಳ್ಳಲು ಹಿತ್ತಾಳೆಯ ಹಿಡಿಕೆ. ಅದು ಕಾವಲಿನವನ ಜಾಗ. ಗಾಡಿ ನಿಂತಾಗ ಚಕ್ರ ಉರುಳದಂತೆ ಕೆಳಗೆ ಮರದ ತುಂಡು ಇಡುವುದು, ಹೊರಡುವಾಗ ಅದನ್ನು ತೆಗೆದು, ಕಹಳೆ ಊದಿ, ಕೊನೆಯವನಾಗಿ ಹತ್ತುವುದು ಅವನ ಕೆಲಸ. ಆ ಮೆಟ್ಟಿಲನ್ನು ಮೊದಲ ಸಲ ಕಂಡಾಗ ನನಗೆ ಅನಿಸಿದ್ದು: ಅರೆ, ಇವ ನಮ್ಮವ! ಇವನೇ ಕಂಡಕ್ಟರ್!

ಉದ್ಘಾಟನೆಯ ದಿನ ಒಂದು ಅನಾಹುತವಾಯಿತು. ಮುಖ್ಯ ಅತಿಥಿಗಳು ಒಳ್ಳೆಯ ಮೈಕಟ್ಟಿನವರು. ಫೋಟೋಕ್ಕೆಂದು ಗಾಡಿಯೊಳಗೆ ಕೂತರು. ಸೀಟಿನ ಹಲಗೆಯನ್ನು ಒಳಗಿನಿಂದ ಗೆದ್ದಲು ತಿಂದು ಮುಗಿಸಿತ್ತು. ಅವರು ನಿಧಾನವಾಗಿ, ಗೌರವದಿಂದಲೇ, ಕೆಳಗೆ ಹೋದರು. ಹೊರಗಿನಿಂದ ಕಾಣುತ್ತಿದ್ದದ್ದು ಎರಡು ಪಾಲಿಶ್ ಮಾಡಿದ ಶೂಗಳು ಮಾತ್ರ. ಫೋಟೋಗ್ರಾಫರ್ ಅದನ್ನೂ ತೆಗೆದ.

ಆ ವಾರವೇ ಟ್ರಸ್ಟಿನವರು ಸಿಲ್ವಿಯಾ ಮೇಡಂ ಅವರನ್ನು ಕರೆಸಿದರು. ಹಳೆಯ ವಸ್ತುಗಳನ್ನು ಕಾಪಾಡುವ ವಿದ್ಯೆ ಓದಿ ಬಂದವರು, ಮನೆ ಮಂಗಳೂರಿನ ಕೊಟ್ಟಾರದಲ್ಲಿ. ಸ್ಕೂಟರಿನಿಂದ ಇಳಿದು, ಹೆಲ್ಮೆಟ್ ತೆಗೆಯದೆಯೇ ಗಾಡಿಯ ಸುತ್ತ ಒಂದು ಸುತ್ತು ಬಂದು ಹೇಳಿದರು: "ಇವತ್ತಿನಿಂದ ಇದರಲ್ಲಿ ಯಾರೂ ಕೂತುಕೊಳ್ಳಲಿಕ್ಕಿಲ್ಲ. ಮಂತ್ರಿ ಬಂದ್ರೂ ಇಲ್ಲ. ನಾನೂ ಇಲ್ಲ, ನೀನೂ ಇಲ್ಲ."

ಹಲಗೆ ರಿಪೇರಿಯಾಯಿತು, ನಿಯಮ ಮಾತ್ರ ಉಳಿಯಿತು. ನನ್ನ ಇಡೀ ಉದ್ಯೋಗಕಾಲದಲ್ಲಿ ನಾನು ಆ ಗಾಡಿಯನ್ನು ಒರೆಸಿದ್ದೇನೆ, ಅದರ ಕೆಳಗೆ ಮಲಗಿದ್ದೇನೆ, ಅದಕ್ಕೆ ಎಣ್ಣೆ ಹಾಕಿದ್ದೇನೆ. ಹತ್ತಲಿಲ್ಲ. ಹಿಂದಿನ ಮೆಟ್ಟಿಲಿನ ಹಿತ್ತಾಳೆ ಹಿಡಿಕೆಯನ್ನು ವಾರಕ್ಕೊಮ್ಮೆ ತಿಕ್ಕುವಾಗ ಒಂದು ಕಾಲು ಇಟ್ಟು ನೋಡಲೇ ಎಂದು ಆಸೆಯಾಗುತ್ತಿತ್ತು. ಇಟ್ಟರೆ ಮೆಟ್ಟಿಲು ಮುರಿದರೆ? ಮುರಿಯದಿದ್ದರೂ ಅದೇ ಕ್ಷಣ ಮೇಡಂ ಬಂದರೆ?

ಮೇಡಂ ಬೈಯುವುದರಲ್ಲಿ ಉದಾರಿ. ಕಲಿಸುವುದರಲ್ಲಿ ಅದಕ್ಕಿಂತ ಉದಾರಿ. ಒಮ್ಮೆ ನಾನು ಬೆಂಕಿ ಬಿದ್ದರೆ, ನೀರು ನುಗ್ಗಿದರೆ, ಕಳ್ಳ ಬಂದು ಚಕ್ರ ಬಿಚ್ಚಿಕೊಂಡು ಹೋದರೆ ಎಂದು ಒಂದರ ಹಿಂದೆ ಒಂದು ಹೇಳುತ್ತಿದ್ದಾಗ ಕೈಯೆತ್ತಿ ತಡೆದರು. "ಜಯಂತ, ಹೆದರಿಕೆ ಒಳ್ಳೇದೇ. ಆದ್ರೆ ಅದಕ್ಕೊಂದು ಕೆಲಸ ಕೊಡು ಮಾರಾಯ. ಸುಮ್ಮನೆ ಕೂರಿಸಿ ಊಟ ಹಾಕ್ಬೇಡ." ಬೆಂಕಿಗೆ ಹೆದರಿದ್ದಕ್ಕೆ ವಯರಿಂಗ್ ಬದಲಾಯಿತು. ನೀರಿಗೆ ಹೆದರಿದ್ದಕ್ಕೆ ಮಾಡಿನ ಹಂಚು ಬದಲಾಯಿತು. ಕಳ್ಳ ಮಾತ್ರ ಬರಲಿಲ್ಲ. ಆ ಹೆದರಿಕೆ ಇನ್ನೂ ಕೆಲಸವಿಲ್ಲದೆ ಉಳಿದಿದೆ. ಹೊಸಬರಿಗೆ ನಾನು ದಾಟಿಸಬಹುದಾದ ವಿದ್ಯೆ ಏನಾದರೂ ಇದ್ದರೆ ಮೇಡಂ ಅವರ ಈ ಒಂದು ಮಾತು.

ಗಾಡಿಯ ಬಗ್ಗೆ ಜನರಿಗೆ ವಿವರಿಸುವುದೂ ನನ್ನದೇ ಕೆಲಸವಾಗಿತ್ತು. ಮೊದಮೊದಲು ನಾನು ಬಾಯಿಪಾಠ ಒಪ್ಪಿಸುತ್ತಿದ್ದೆ: ರೈಲು ಬರುವ ಮೊದಲು, ಮೋಟಾರು ಬರುವ ಮೊದಲು, ಇಂತಹ ಗಾಡಿಗಳು ಟಪಾಲನ್ನೂ ಸಾಹೇಬರನ್ನೂ ಹೊತ್ತು ಘಟ್ಟದ ಕಡೆಗೆ ಹೋಗುತ್ತಿದ್ದವು, ಇತ್ಯಾದಿ. ಒಮ್ಮೆ ಸುರತ್ಕಲ್ಲಿನ ಶಾಲೆಯೊಂದರ ಮಕ್ಕಳು ಬಂದಿದ್ದರು. ಒಬ್ಬಳು ಕೇಳಿದಳು, "ಅಷ್ಟು ದೂರ ಅದೇ ಕುದುರೆಯಾ ಅಂಕಲ್? ಅದಕ್ಕೆ ಸುಸ್ತಾಗುದಿಲ್ವಾ?"

"ಆಗಿನ ಕಾಲದ ಕುದುರೆ ಗಟ್ಟಿ," ಎಂದೆ. ಹೇಳುವಾಗಲೇ ಗೊತ್ತಾಯಿತು, ಇದು ನನಗೆ ಗೊತ್ತಿಲ್ಲದ್ದು ಎಂದು. ಅವಳಿಗೂ ಗೊತ್ತಾಯಿತು. ಆ ದೃಷ್ಟಿಯನ್ನು ತಾಳಲಾರದೆ ಮೇಡಂ ಹತ್ತಿರ ಹೋಗಿ ಕೇಳಿದೆ. "ಗೊತ್ತಿಲ್ಲ. ಹುಡುಕುವ," ಎಂದರು.

ಮುಂದಿನ ಕೆಲವು ಭಾನುವಾರಗಳು ನಾವಿಬ್ಬರೂ ಒಂದೇ ಸ್ಕೂಟರಿನಲ್ಲಿ ಬಂಟ್ವಾಳದ ದಾರಿ ಹಿಡಿದೆವು. ಸುಜಾತ ನನ್ನ ತಲೆಗೆ ಹೆಲ್ಮೆಟ್ ಇಟ್ಟು ಬಕಲ್ ಹಾಕುತ್ತ, "ಹಿಂದೆ ಕೂತು ಅವರಿಗೆ ಬ್ರೇಕ್ ಹಾಕಿ ಬ್ರೇಕ್ ಹಾಕಿ ಹೇಳ್ಬೇಡಿ," ಎಂದು ಕಳಿಸುತ್ತಿದ್ದಳು. ಹೇಳಿದೆ. ಅದು ಬೇರೆ ವಿಷಯ. ತಿಳಿದದ್ದು ಇಷ್ಟು: ಒಂದು ಜೊತೆ ಕುದುರೆ ಕೆಲವೇ ಮೈಲಿ ಓಡುತ್ತಿತ್ತು. ಅಲ್ಲಿ ಲಾಯ, ಹುಲ್ಲು, ಬೇಯಿಸಿದ ಹುರುಳಿ, ಬೇರೆ ಜೊತೆ ತಯಾರು. ಗಾಡಿ ಮುಂದೆ ಹೋಗುತ್ತಿತ್ತು, ಕುದುರೆ ಹಿಂದೆ ಉಳಿಯುತ್ತಿತ್ತು. ಆ ಒಂದೊಂದು ತುಂಡು ದಾರಿಯೇ ಒಂದೊಂದು ಸ್ಟೇಜ್. ನಾನು ಕಂಡಕ್ಟರ್ ಆಗಿ ದಿನಕ್ಕೆ ನೂರು ಸಲ ಹೇಳಿದ ಮಾತು, 'ಮುಂದಿನ ಸ್ಟೇಜಿಗೆ ಟಿಕೆಟ್ ಮಾಡಿ', ಕುದುರೆಯ ಉಸಿರಿನಿಂದ ಅಳೆದದ್ದು ಎಂದು ಆಗ ತಿಳಿಯಿತು. ಹೊಳೆಗೆ ಸೇತುವೆ ಇಲ್ಲದ ಕಡೆ ಪ್ರಯಾಣಿಕರು ದೋಣಿಯಲ್ಲಿ ದಾಟಬೇಕು. ಘಟ್ಟದ ಏರಿನಲ್ಲಿ ಇಳಿದು ನಡೆಯಬೇಕು. ಕುದುರೆ ಸೋತರೆ ತಳ್ಳಲೂಬೇಕು. ಇಳಿಜಾರಿನಲ್ಲಿ ಚಕ್ರದ ಕೆಳಗೆ ಕಬ್ಬಿಣದ ಒಂದು ಪಾದರಕ್ಷೆ ಸಿಕ್ಕಿಸಿ ಉಜ್ಜಿಕೊಂಡು ಇಳಿಸುತ್ತಿದ್ದರು. ಮಳೆಗಾಲದಲ್ಲಿ ಯಾವಾಗ ತಲುಪುತ್ತದೆ ಎಂದು ಕೇಳುವವನೇ ಮೂರ್ಖ. ನನ್ನಂತಹವನು ಆ ಕಾಲದಲ್ಲಿ ಹುಟ್ಟದೆ ಇದ್ದದ್ದು ನನಗೂ ಕ್ಷೇಮ, ಬ್ರಿಟಿಷರಿಗೂ ಕ್ಷೇಮ.

ಫರಂಗಿಪೇಟೆ ದಾಟಿ ಒಂದು ಮನೆಯ ಅಂಗಳದಲ್ಲಿ ಉದ್ದನೆಯ ಕಲ್ಲಿನ ತೊಟ್ಟಿ ಸಿಕ್ಕಿತು. ಮನೆಯ ಅಜ್ಜಿ ಅದರಲ್ಲಿ ಬಟ್ಟೆ ನೆನೆಹಾಕುತ್ತಿದ್ದರು. ಆ ಜಾಗಕ್ಕೆ ಲಾಯದ ಹಿತ್ತಿಲು ಎಂದು ಹೆಸರಂತೆ. ಯಾಕೆಂದು ಅವರಿಗೆ ಗೊತ್ತಿಲ್ಲ.

"ಇದು ಕುದುರೆ ನೀರು ಕುಡಿದ ತೊಟ್ಟಿ ಅಲ್ವಾ ಮೇಡಂ?" ನಾನು ಕುಣಿದಾಡಿದೆ.

ಮೇಡಂ ತೊಟ್ಟಿಯ ಸವೆದ ಅಂಚಿನ ಮೇಲೆ ಕೈಯಾಡಿಸಿ, "ಇರಬಹುದು," ಎಂದರು.

ಮ್ಯೂಸಿಯಮ್ಮಿನ ಕೆಲಸದಲ್ಲಿ ಅತಿ ಕಷ್ಟದ ಶಬ್ದ ಅದು. 'ಹೌದು' ಎಂದರೆ ಜನ ಚಪ್ಪಾಳೆ ತಟ್ಟುತ್ತಾರೆ. 'ಇರಬಹುದು' ಎಂದರೆ ಮುಂದಿನ ಲಾರಿಯ ಕಡೆ ಹೋಗುತ್ತಾರೆ. ಆದರೂ ಅದನ್ನೇ ಹೇಳಬೇಕು.

ಆ ಅಜ್ಜಿಯೇ ತನ್ನ ಅತ್ತೆ ಹೇಳುತ್ತಿದ್ದ ಒಂದು ಸಂಗತಿ ಹೇಳಿದರು. ದೂರದಲ್ಲಿ ಕಹಳೆ ಕೇಳಿದರೆ, ತಲೆಹೊರೆ ಹೊತ್ತು ಪೇಟೆಗೆ ನಡೆಯುವವರೆಲ್ಲ ರಸ್ತೆ ಬಿಟ್ಟು ಚರಂಡಿಗೆ ಇಳಿದು ನಿಲ್ಲಬೇಕಿತ್ತಂತೆ. ಗಾಡಿ ಹೋಗಿ, ಧೂಳು ಅಡಗಿದ ಮೇಲೆ ಮತ್ತೆ ರಸ್ತೆಗೆ ಹತ್ತುವುದು. "ಒಳಗೆ ಯಾರಿದ್ದರು ಹೇಳಿ ಯಾರಿಗೆ ಗೊತ್ತು? ನಮ್ಮವರಿಗೆ ಕಾಣುವುದು ಗಾಡಿಯ ಬೆನ್ನು ಮಾತ್ರ," ಎಂದರು.

ನಮ್ಮ ಹಿರಿಯರೂ ಅದೇ ದಾರಿಯ ಬದಿಯ ಗೇಣಿ ಒಕ್ಕಲು. ಸೌತೆಕಾಯಿ, ಬಸಳೆ ಹೊತ್ತು ಮಂಗಳೂರಿಗೆ ನಡೆದವರು. ಅಂದಿನಿಂದ ನನ್ನ ವಿವರಣೆ ಬದಲಾಯಿತು. ಮೊದಲು ಕುದುರೆಯ ಕಥೆ, ಆಮೇಲೆ ಚರಂಡಿಯ ಕಥೆ, ಕೊನೆಗೆ ಸಾಹೇಬರು, ಹೊತ್ತು ಮಿಕ್ಕಿದರೆ. "ನಿಮ್ಮ ಅಜ್ಜ ಇದರಲ್ಲಿ ಕೂತಿದ್ದಾರಾ?" ಎಂದು ಯಾರಾದರೂ ಕೇಳಿದರೆ, "ಇಲ್ಲ, ನಮ್ಮವರಿಗೆ ಚರಂಡಿಯಲ್ಲಿ ರಿಸರ್ವೇಶನ್ ಇತ್ತು," ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಕೆಲವರು ನಕ್ಕ ಮೇಲೆ ಹಿಂದಕ್ಕೆ ಬಂದು ಗಾಡಿಯ ಬೆನ್ನನ್ನು ಇನ್ನೊಮ್ಮೆ ನೋಡುತ್ತಿದ್ದರು.

ಹೀಗೆ ವರ್ಷಗಳು ಹೋದವು. ಮೇಡಂ ನಿವೃತ್ತರಾದರು. ಧಣಿಗಳು ತೀರಿಕೊಂಡರು. ಅವರ ಮೊಮ್ಮಗ ಪ್ರಜ್ವಲ್ ಟ್ರಸ್ಟಿನ ಕಾರ್ಯದರ್ಶಿಯಾಗಿ ಬಂದ. ಒಳ್ಳೆಯ ಹುಡುಗ, ಕೆಟ್ಟದ್ದೇನೂ ಹೇಳಲಾರೆ. ಆದರೆ ನನ್ನ ಕೊನೆಯ ವರ್ಷದಲ್ಲಿ ಒಂದು ದಿನ ಗಾಡಿಯ ಮುಂದೆ ನಿಂತು, "ಅಂಕಲ್, ಒಂದು ರೆಸಾರ್ಟಿನವರು ಇದನ್ನು ಕೇಳ್ತಾ ಇದ್ದಾರೆ. ರಿಸೆಪ್ಶನ್ ಕೌಂಟರ್ ಮಾಡ್ತಾರಂತೆ. ನೀಟ್ ಆಗಿ ಪೇಂಟ್ ಮಾಡಿ, ಲೈಟ್ ಹಾಕಿ," ಎಂದ.

ಟಪಾಲು ಗಾಡಿಯ ಹೊಟ್ಟೆ ಕೊಯ್ದು, ಒಳಗೊಂದು ಕಂಪ್ಯೂಟರ್ ಇಟ್ಟು, ಅದರ ಹಿಂದೆ ಟೈ ಕಟ್ಟಿದವರು ಯಾರೋ ನಿಂತು 'ವೆಲ್ಕಮ್' ಎನ್ನುವುದು ಕಣ್ಣಿಗೆ ಕಟ್ಟಿತು. ನನ್ನ ಚಿಂತೆಗಳ ಉದ್ದದ ಸಾಲಿನಲ್ಲಿ ಇದೊಂದು ಇರಲೇ ಇಲ್ಲ.

"ಅದು ಗಾಡಿ ಅಲ್ವಾ ಪ್ರಜ್ವಲ್. ಕೌಂಟರ್ ಹೇಗೆ ಮಾಡುವುದು?"

"ನಡೆಯುವುದಿದ್ರೆ ಗಾಡಿ ಅಂಕಲ್. ಇದು ನಡೆಯುವುದಿಲ್ಲ ಅಲ್ವಾ? ಇಷ್ಟು ದೊಡ್ಡ ಜಾಗ ತಿನ್ನುತ್ತದೆ. ಟ್ರಸ್ಟಿಗಳಿಗೆ ನಾನು ಎಂತ ಹೇಳುವುದು?"

ಆಗ ನನ್ನ ಬಾಯಿಂದ, ಜೀವಮಾನದಲ್ಲಿ ಮೊದಲ ಸಲ, ಯೋಚಿಸದೆ ಒಂದು ಮಾತು ಬಂತು. "ನಡೆಸಿ ತೋರಿಸಿದ್ರೆ?"

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, "ಆಯ್ತು. ಟ್ರಸ್ಟಿಗಳನ್ನು ಕೂರಿಸಿ ಒಂದು ರೌಂಡ್. ಸೇಫ್ ಆಗಿ ಹೋಗಿ ಬಂದ್ರೆ ಗಾಡಿ ಇಲ್ಲೇ ಇರ್ತದೆ, ಪ್ರಾಮಿಸ್. ಆಗದಿದ್ರೆ ನೀವು ಬೇಜಾರು ಮಾಡ್ಲಿಕ್ಕಿಲ್ಲ," ಎಂದ.

ಮನೆಗೆ ಬಂದು ಸುಜಾತಳಿಗೆ ಹೇಳಿದೆ. ಅವಳು ಬಂಗುಡೆ ಮೀನು ಕೊಯ್ಯುತ್ತಿದ್ದವಳು ಕತ್ತಿ ಕೆಳಗಿಟ್ಟು ನನ್ನನ್ನು ನೋಡಿದಳು. "ನೀವಾ? ನೀವು ಹೇಳಿದ್ದಾ? ಜ್ವರ ಉಂಟಾ ನೋಡಿ."

ಮೊದಲ ಆಘಾತ ಚಕ್ರದ್ದು. ಮರದ ಚಕ್ರದ ಸುತ್ತ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಕೂರಿಸಿರುತ್ತಾರೆ. ತಣಿದಾಗ ಅದು ಮರವನ್ನು ಬಿಗಿಯಾಗಿ ಅಪ್ಪುತ್ತದೆ. ನಾನು ಕೈಯಿಂದ ತಟ್ಟಿದರೆ ನಮ್ಮ ಪಟ್ಟಿ ಗಡಗಡ ಎಂದಿತು. ಸಡಿಲ! ಕಾರಣ ಯೋಚಿಸಿದರೆ ನಗು ಬರುತ್ತದೆ. ನಮ್ಮ ಊರಿನ ತೇವಕ್ಕೆ ಮರ ಹಾಳಾಗುತ್ತದೆ ಎಂದು ಮೇಡಂ ಹಟ ಹಿಡಿದು ಗಾಳಿ ಒಣಗಿಸುವ ಯಂತ್ರ ಹಾಕಿಸಿದ್ದರು. ಅದು ಒಂದು ಗಳಿಗೆ ನಿಲ್ಲದಂತೆ ನಾನು ಕಾದಿದ್ದೆ. ವರ್ಷಗಟ್ಟಲೆ ಒಣಗಿ ಒಣಗಿ ಮರ ಕುಗ್ಗಿತ್ತು. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಯಾರೂ ಇಂತಹ ತಪ್ಪು ಮಾಡಲಾರರು. ಸಮುದ್ರದ ಗಾಳಿಗೆ ಇಷ್ಟು ಹೆದರುವವರು ನಾವೇ. ಗೆದ್ದಲಿನಿಂದ, ಬೂಷ್ಟಿನಿಂದ, ಮಳೆಯಿಂದ ಕಾಪಾಡಿ ಕಾಪಾಡಿ, ನಾನೂ ಮೇಡಮ್ಮೂ ಸೇರಿ ಅದನ್ನು ಗಾಡಿಯಲ್ಲದಂತೆ ಮಾಡಿಬಿಟ್ಟಿದ್ದೆವು.

ಮೇಡಂ ಅವರಿಗೆ ಫೋನ್ ಮಾಡಿದೆ. "ಯಂತ್ರ ಬಂದ್ ಮಾಡು. ಚಕ್ರಕ್ಕೆ ಒದ್ದೆ ಗೋಣಿ ಸುತ್ತು. ಮರ ತಾನಾಗಿ ಉಬ್ಬುತ್ತದೆ," ಎಂದರು. "ಜೋರಾಗಿ ನೀರು ಹೊಯ್ಯಬೇಡ. ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಪಟ್ಟಿ ಹಾಕಿದ ಹಾಗೆ." ಫೋನ್ ಇಡುವ ಮೊದಲು, "ಇಷ್ಟು ವರ್ಷ ನಾವು ಒಣಗಿಸಿದ್ದು ನೋಡು ಮಾರಾಯ!" ಎಂದು ನಕ್ಕರು. ಅಂದಿನಿಂದ ದಿನಾ ಬೆಳಿಗ್ಗೆ, ಸಂಜೆ ಗೋಣಿ ಒದ್ದೆ ಮಾಡುವುದೇ ನನ್ನ ಸಂಧ್ಯಾವಂದನೆ. ಒಂದು ದಿನ ಪಟ್ಟಿ ತಟ್ಟಿದರೆ ಗಡಗಡ ಇಲ್ಲ. ಗಂಟೆಯಂತೆ ಒಂದೇ ನಾದ. ಅಲ್ಲೇ ನೆಲದಲ್ಲಿ ಕೂತೆ.

ಇನ್ನು ಕುದುರೆ. ಸುರತ್ಕಲ್ಲಿನ ಹಮೀದ್ ಬ್ಯಾರಿಗಳನ್ನು ನಾವೆಲ್ಲ ಕರೆಯುವುದು ಹಮೀದಾಕ ಎಂದು. ಊರಿನವರೆಲ್ಲ ಗಲ್ಫಿಗೆ ಹೋಗಿ ಅಂಗಡಿ, ಆಫೀಸು ಸೇರಿದರೆ ಇವರು ಸೇರಿದ್ದು ಅಲ್ಲಿನ ಶ್ರೀಮಂತರೊಬ್ಬರ ಕುದುರೆ ಲಾಯ. ಬರುವಾಗ ಬೇರೆಯವರು ಚಿನ್ನ ತಂದರೆ, ಇವರು ಕುದುರೆಯ ಹುಚ್ಚು ತಂದರು. ಬೀಚಿನಲ್ಲಿ ಮಕ್ಕಳನ್ನು ಕೂರಿಸುವುದಕ್ಕೂ ಮದುಮಗನ ಮೆರವಣಿಗೆಗೂ ಎರಡು ಕುದುರೆ ಸಾಕಿದ್ದರು: ಗಂಡು ಬಾದಷಾ, ಹೆಣ್ಣು ಚಿನ್ನು. ಮದುವೆಗಾಗಿ ಸಾರೋಟು ಎಳೆದು ಅಭ್ಯಾಸ ಇದ್ದದ್ದರಿಂದ ಬ್ಯಾಂಡು, ಪಟಾಕಿ, ಬಸ್ಸು ಎಲ್ಲ ಗೊತ್ತಿದ್ದ ಕುದುರೆಗಳು.

ಅವರ ಹತ್ತಿರ ನಾನು ನನ್ನ ಎಲ್ಲ ಚಿಂತೆಗಳನ್ನೂ ಹೇಳಿದೆ. ಕೇಳಿ ಮುಗಿಸಿ ಅವರು ಚಿನ್ನುವಿನ ಕಡೆ ತಿರುಗಿ, "ಕೇಳಿದ್ಯಾ? ನಿನ್ನ ಹೃದಯ ನಿಂತರೆ ಎಂತ ಮಾಡುವುದಂತೆ," ಎಂದರು. ಆಮೇಲೆ ನನಗೆ, "ಸಾರ್, ಕುದುರೆಗೆ ನಮ್ಮ ಹೆದರಿಕೆ ವಾಸನೆ ಬರ್ತದೆ. ನೀವು ಸ್ವಲ್ಪ ದೂರ ನಿಂತ್ರೆ ದೊಡ್ಡ ಉಪಕಾರ."

ಗ್ಯಾರೇಜಿನ ಹಿಂದೆ ಹಳೆಯ ದಾರಿಯ ಒಂದು ತುಂಡು ಉಳಿದಿದೆ. ಹೆದ್ದಾರಿ ಬಂದಾಗ ಬದಿಗೆ ಸರಿದದ್ದು. ಗೇಟಿನಿಂದ ಮೆಲ್ಲನೆ ಏರಿ, ಒಂದು ಅಶ್ವತ್ಥಕಟ್ಟೆಯ ಹತ್ತಿರ ಮುಗಿಯುತ್ತದೆ. ಅಲ್ಲಿಯವರೆಗೆ ಹೋಗಿ ತಿರುಗಿ ಬರುವುದು ಎಂದಾಯಿತು. ಖಾಲಿ ಗಾಡಿಯಲ್ಲಿ ಅಭ್ಯಾಸವೂ ಆಯಿತು. ನಾನು ಎರಡು ನಿಯಮ ಮಾಡಿದೆ. ಒಂದು, ಕುದುರೆಗೆ ಆಯಾಸವಾಗಬಾರದು, ಒಂದೇ ಸುತ್ತು. ಎರಡು, ಹೊರಟ ಮೇಲೆ ಯಾರು ಎಂತ ಕೂಗಿದರೂ ನಡುವೆ ಗಾಡಿ ನಿಲ್ಲಿಸಬಾರದು. ಏರಿನಲ್ಲಿ ನಿಂತರೆ ಹಿಂದಕ್ಕೆ ಜಾರುತ್ತದೆ. ಮತ್ತೆ, ಸೆಲ್ಫಿಯವರು ನಿಲ್ಲಿಸಿ ನಿಲ್ಲಿಸಿ ಎಂದು ಕೂಗದೆ ಇರುವುದಿಲ್ಲ.

"ಯಾರು ಕೂಗಿದ್ರೂ?" ಹಮೀದಾಕ ಕೇಳಿದರು.

"ಯಾರು ಕೂಗಿದ್ರೂ."

"ಟ್ರಸ್ಟಿ ಕೂಗಿದ್ರೆ?"

"ಟ್ರಸ್ಟಿಯ ಅಪ್ಪ ಕೂಗಿದ್ರೂ ಹಮೀದಾಕ. ನಿಲ್ಲಿಸಲಿಕ್ಕಿಲ್ಲ." ಇದನ್ನು ಅವರಿಗೆ ಎಷ್ಟು ಸಲ ಹೇಳಿದೆ ಎಂದರೆ ಕೊನೆಗೆ ಅವರೇ ಚಿನ್ನುವಿಗೆ ಹೇಳಲು ಶುರುಮಾಡಿದರು.

ಒಳಗೆ ನಾಲ್ಕು ಜಾಗ: ಇಬ್ಬರು ಟ್ರಸ್ಟಿಗಳು, ಪ್ರಜ್ವಲ್, ಸಿಲ್ವಿಯಾ ಮೇಡಂ. ಮುಂದೆ ಹಮೀದಾಕ, ಅವರ ಪಕ್ಕದಲ್ಲಿ ಸುಜಾತ. ಹತ್ತಲು ಹಟ ಮಾಡಿದ್ದು ಅವಳೇ, "ಎಂತಾದರೂ ಆದ್ರೆ ಇಬ್ಬರಿಗೂ ಒಟ್ಟಿಗೆ ಆಗ್ಲಿ" ಎಂದು. ಹಿಂದಿನ ಮೆಟ್ಟಿಲು? ಮೇಡಂ ತಾವಾಗಿ ಹೇಳಿದರು: "ಅದು ಕಾವಲಿನವನ ಜಾಗ. ಇಷ್ಟು ವರ್ಷ ಕಾದದ್ದು ಯಾರು? ನೀನೇ ನಿಲ್ಲು. ಕಹಳೆ ಊದುವವರು ಇಲ್ಲ, ನಿನ್ನ ಬಸ್ಸಿನ ಕೂಗು ಉಂಟಲ್ಲ, ಅದನ್ನೇ ಹಾಕು." ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಚಿಂತೆಯಿಂದಲ್ಲ. ಖುಷಿಯಿಂದ ನಿದ್ದೆಗೆಟ್ಟದ್ದು ನನಗೇ ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು.

ಭಾನುವಾರ ಬೆಳಿಗ್ಗೆ. ರಸ್ತೆಯ ಎರಡೂ ಬದಿ ಜನ. ಆಕಾಶ ಸ್ವಚ್ಛ. ನಾಯಿಗಳು ಇದ್ದವು, ಕುದುರೆಯನ್ನು ನೋಡಿ ಗೌರವದಿಂದ ಕೂತವು. ಟ್ರಸ್ಟಿಗಳು ಹತ್ತಿದರು, ಹಲಗೆ ತಾಳಿತು. ಮೇಡಂ ಬಾಗಿಲಿನಲ್ಲಿ ಒಂದು ಕ್ಷಣ ನಿಂತರು. ತಾವು ಮಾಡಿದ ನಿಯಮವನ್ನು ತಾವೇ ಮುರಿಯುವವರು. ಸೀಟಿನ ಅಂಚಿನಲ್ಲಿ, ಹೊಸ ಮನೆಗೆ ಬಂದ ನೆಂಟರಂತೆ ಕೂತರು. ನಾನು ಚಿಲಕ ನೋಡಿದೆ, ಬಾರು ನೋಡಿದೆ, ಪಟ್ಟಿ ತಟ್ಟಿದೆ, ಇನ್ನೊಮ್ಮೆ ಚಿಲಕ ನೋಡಿದೆ.

"ಸಾರ್, ಬಾದಷಾನಿಗೆ ವಯಸ್ಸಾಗ್ತಾ ಉಂಟು," ಎಂದು ಮುಂದಿನಿಂದ ಹಮೀದಾಕ ಕೂಗಿದರು.

ನಾನು ಹಿಂದೆ ಬಂದು, ಹಿತ್ತಾಳೆ ಹಿಡಿಕೆಯನ್ನು ಒಂದು ಕೈಯಲ್ಲಿ ಹಿಡಿದು, ಬಾಗಿ ಇನ್ನೊಂದು ಕೈಯಿಂದ ಚಕ್ರದ ಕೆಳಗಿನ ಮರದ ತುಂಡನ್ನು ಎಳೆದು ಬದಿಗೆ ಎಸೆದೆ. ಎಷ್ಟೋ ವರ್ಷಗಳಿಂದ ಗಂಟಲಿನಲ್ಲಿ ಕೂತಿದ್ದ ಕೂಗು ತಾನಾಗಿ ಹೊರಟಿತು.

"ರೈಟ್ ಪೋಯಿ!"

ಅದೇ ಹೊತ್ತಿಗೆ ಕಣ್ಣು ಆ ಮರದ ತುಂಡಿನ ಮೇಲೆ ಬಿತ್ತು. ಅದು ರಸ್ತೆಯ ಬದಿಗೆ ಹೋಗಿರಲಿಲ್ಲ, ನಡುವೆಯೇ ಬಿದ್ದಿತ್ತು. ಯಾವನಾದರೂ ಸ್ಕೂಟರಿನವ ಬಂದು ಅದಕ್ಕೆ ಗುದ್ದಿದರೆ? ಹಿಡಿಕೆ ಬಿಟ್ಟು, ಎರಡು ಹೆಜ್ಜೆ ಹಿಂದೆ ಹೋಗಿ, ಅದನ್ನು ಎತ್ತಿಕೊಂಡು ತಿರುಗಿದೆ.

ಗಾಡಿ ಹೋಗುತ್ತಿತ್ತು.

"ಹಮೀದಾಕಾ! ನಿಲ್ಲಿಸಿ! ನಾನು ಹತ್ತಲಿಲ್ಲ!"

ಅವರು ಹಿಂದೆ ತಿರುಗಲೂ ಇಲ್ಲ. "ನಡುವೆ ನಿಲ್ಲಿಸ್ಲಿಕ್ಕಿಲ್ಲ ಸಾರ್! ಯಾರು ಕೂಗಿದ್ರೂ!"

ಓಡಿದೆ. ಕಂಡಕ್ಟರ್ ಆಗಿದ್ದಾಗಿನ ಕಾಲುಗಳು ಈಗ ಎಲ್ಲಿವೆ? ಮರದ ತುಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ವಲ್ಪ ದೂರ ಏದುಸಿರು ಬಿಟ್ಟುಕೊಂಡು ಓಡಿ, ಆಗದೆ ನಿಂತೆ. ಎರಡೂ ಬದಿಯ ಜನ ನಗುತ್ತಿದ್ದರು. ಎದುರಿನಿಂದ ಒಂದು ಬೈಕು ಬಂತು, ನಾನು ಅಭ್ಯಾಸಬಲದಿಂದ ರಸ್ತೆ ಬಿಟ್ಟು ಚರಂಡಿಯ ಅಂಚಿಗೆ ಇಳಿದೆ.

ಅಲ್ಲಿಂದ ನೋಡಿದೆ. ಆ ಚಕ್ರದ ಒಂದೊಂದು ಮರದ ಕಡ್ಡಿಯೂ ನನಗೆ ಗೊತ್ತು. ಯಾವುದರಲ್ಲಿ ಬಿರುಕು, ಯಾವುದು ಬದಲಾಯಿಸಿದ್ದು ಎಂದು ಕಣ್ಣುಮುಚ್ಚಿ ಹೇಳಬಲ್ಲೆ. ಈಗ ಒಂದೂ ಕಾಣುತ್ತಿರಲಿಲ್ಲ. ಎಲ್ಲ ಕರಗಿ, ಬಿಸಿಲಿನಲ್ಲಿ ತಿರುಗುವ ಒಂದು ಬೆಳಕಷ್ಟೆ. ನಿಂತ ಗಾಡಿಯನ್ನು ಇಷ್ಟು ವರ್ಷ ಕಾದವನಿಗೆ ಅದು ನಡೆಯುವಾಗ ಹೇಗಿರುತ್ತದೆಂದು ಗೊತ್ತೇ ಇರಲಿಲ್ಲ. ಅಭ್ಯಾಸದ ದಿನ ನಾನು ಹೆದರಿ ಕಣ್ಣು ಮುಚ್ಚಿಕೊಂಡಿದ್ದೆ. ಖಾಲಿ ಮೆಟ್ಟಿಲಿನ ಹಿತ್ತಾಳೆ ಹಿಡಿಕೆ ಫಳಫಳ ಹೊಳೆಯುತ್ತಿತ್ತು. ಮೇಡಂ ಕಿಟಕಿಯಿಂದ ತಲೆ ಹೊರಹಾಕಿ ನನ್ನ ಕಡೆ ಕೈ ಬೀಸುತ್ತಿದ್ದರು, ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ನಮ್ಮ ಹಿರಿಯರು ನಿಂತ ಜಾಗದಿಂದಲೇ ನಾನೂ ಗಾಡಿಯ ಬೆನ್ನು ನೋಡಿದೆ. ಆದರೆ ಒಳಗೆ ಯಾರಿದ್ದರೆಂದು ನನಗೆ ಗೊತ್ತಿತ್ತು.

ಅಶ್ವತ್ಥಕಟ್ಟೆ ಸುತ್ತಿ ಅವರು ಕ್ಷೇಮವಾಗಿ ಮರಳಿದರು. ಸುಜಾತ ಮೇಲಿನಿಂದಲೇ, "ನೀವಿಲ್ಲದ್ದಕ್ಕೆ ಎಷ್ಟು ಆರಾಮ ಆಯ್ತು 'ಅಂಚಿ ಇಂಚಿ', ಆಚೆ ನೋಡಿ ಈಚೆ ನೋಡಿ ಇಲ್ಲದೆ!" ಎಂದಳು. ಪ್ರಜ್ವಲ್ ಇಳಿದವನೇ ನನ್ನ ಕೈ ಹಿಡಿದುಕೊಂಡ, ಬಿಡಲಿಲ್ಲ. "ಗಾಡಿ ಎಲ್ಲಿಗೂ ಹೋಗುವುದಿಲ್ಲ ಅಂಕಲ್," ಎಂದ. ಮೇಡಂ ಹಮೀದಾಕನ ಕಡೆ ತಿರುಗಿ, ಇವನನ್ನು ಹತ್ತಿಸಿಕೊಂಡು ಇನ್ನೊಂದು ಸುತ್ತು ಹೋಗಿ ಎಂದರು. ಹಮೀದಾಕ ಚಿನ್ನುವಿನ ಬೆವರಿದ ಕೊರಳು ಒರೆಸುತ್ತ ನನ್ನನ್ನೇ ನೋಡಿದರು. ಬಾಯಿ ತೆರೆದು ಅವರು ಹೇಳುವ ಮೊದಲೇ ನಾನು ಹೇಳಿದೆ: "ಬೇಡ. ಒಂದೇ ಸುತ್ತು."

ಮುಂದಿನ ತಿಂಗಳು ನಾನು ನಿವೃತ್ತನಾದೆ. ಈಗ ಪ್ರತಿ ವರ್ಷ ಒಂದು ಭಾನುವಾರ ಗಾಡಿ ಹೊರಡಿಸುವುದೆಂದು ತೀರ್ಮಾನವಾಗಿದೆ. ಹಿಂದಿನ ಮೆಟ್ಟಿಲು ಈಗ ನನ್ನ ಜಾಗಕ್ಕೆ ಬಂದವರದ್ದು; ಅವರಿಗೆ ವಾಸಣ್ಣನ ಪಾಠವನ್ನು ಹೇಳಿಕೊಟ್ಟಿದ್ದೇನೆ, ಕಾಲು ಮೊದಲು, ಬಾಯಿ ಆಮೇಲೆ. ಚಕ್ರ ಕಳಚಲಿಲ್ಲ, ಕುದುರೆ ಬೆದರಲಿಲ್ಲ, ಟ್ರಸ್ಟಿಗಳು ಬೀಳಲಿಲ್ಲ, ಭೂಕಂಪವೂ ಆಗಲಿಲ್ಲ. ನಾನೊಬ್ಬ ಹತ್ತಲಿಲ್ಲ, ಅಷ್ಟೆ.